ಬೀಗ ಹಾಕಿ ಪ್ರವಾಸಕ್ಕೆ ಹೊರಟಾಗ ಫ್ರಿಜ್, ಗೀಸರ್, ವಾಷಿಂಗ್ ಮಷಿನ್ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಒಮ್ಮೆ 12 ದಿನದ ಪ್ರವಾಸ ಮುಗಿಸಿ ರಾತ್ರಿ ಹೊತ್ತಲ್ಲಿ ಮನೆ ಬಾಗಿಲು ತೆಗೆದೆ. ಬ್ಯಾಗು ಇನ್ನೂ ಹೆಗಲ ಮೇಲೇ ಇತ್ತು. ಗಬ್ಬು ವಾಸನೆ ಮೂಗಿಗೆ ಬಡಿಯಿತು. ಕರೆಂಟು ಉಳಿಯಲಿ ಅಂತ ಹೋಗುವಾಗ ಫ್ರಿಜ್ ಆಫ್ ಮಾಡಿದ್ದೆ. ಖಾಲಿಯೂ ಮಾಡಿದ್ದೆ. ಆದರೆ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿ ಹೋಗಿದ್ದೆ. ತೆಗೆದು ನೋಡಿದರೆ ಬಾಗಿಲ ರಬ್ಬರಿನ ಮಡಿಕೆ ತುಂಬ ಕಪ್ಪು ಬೂಷ್ಟು. ತರಕಾರಿ ಟ್ರೇ ಕೆಳಗೆ ಮರೆತುಹೋಗಿದ್ದ ಅರ್ಧ ನಿಂಬೆಹಣ್ಣಿಗೆ ಹಸಿರು ಗಡ್ಡ ಬಂದಿತ್ತು.

ಅದೇ ವಾರ ವಾಷಿಂಗ್ ಮಷಿನ್ ಕೂಡ ನೀರು ಹೊರಗೆ ಹಾಕದೆ ನಿಂತಿತು. ರಿಪೇರಿಗೆ ಬಂದವರು ಕೆಳಗಿನ ಫಿಲ್ಟರ್ ಬಿಚ್ಚಿ, ಒಳಗಿದ್ದ ಲೋಳೆಯನ್ನು ಬೆರಳಲ್ಲಿ ಎತ್ತಿ ತೋರಿಸಿದರು. "ಮೇಡಂ, ಇದು ಓಡಿ ಕೆಟ್ಟಿದ್ದಲ್ಲ. ನಿಂತು ಕೆಟ್ಟಿದ್ದು" ಅಂದರು.

ಅಲ್ಲಿಂದ ಮುಂದೆ ನಾನು ಹೊರಡುವ ತಯಾರಿಯನ್ನೇ ಬದಲಾಯಿಸಿದೆ. ಬೀಗ ಹಾಕಿದ ಮನೆಯಲ್ಲಿ ಯಂತ್ರಗಳನ್ನು ಕೆಡಿಸುವುದು ಹೆಚ್ಚಾಗಿ ನಿಂತ ನೀರು, ಒಳಗೇ ಸಿಕ್ಕಿಬಿದ್ದ ತೇವ, ಪ್ಲಗ್ಗಿನವರೆಗೆ ಬಂದು ಕಾದು ಕೂತಿರುವ ಕರೆಂಟು. ಇವನ್ನು ತಲೆಯಲ್ಲಿಟ್ಟುಕೊಂಡರೆ ಯಾವ ಯಂತ್ರಕ್ಕೆ ಏನು ಮಾಡಬೇಕು ಅನ್ನೋದು ಅರ್ಧ ತಾನಾಗೇ ಹೊಳೆಯುತ್ತದೆ.

ಮೊದಲು ಲೆಕ್ಕ: ಎಷ್ಟು ದಿನ, ಯಾವ ಕಾಲ

ಎರಡು ಮೂರು ದಿನದ ಪ್ರವಾಸಕ್ಕೆ ಇಡೀ ಮನೆಯನ್ನು ಬಿಚ್ಚಿ ಕೂರಬೇಕಿಲ್ಲ. ಗ್ಯಾಸ್ ಬಂದ್ ಮಾಡಿ, ಗೀಸರ್ ಆಫ್ ಮಾಡಿ, ವಾಷಿಂಗ್ ಮಷಿನ್ನಿಗೆ ನೀರು ಬರುವ ನಲ್ಲಿ ಬಂದ್ ಮಾಡಿ, ಟಿವಿಯ ಪ್ಲಗ್ ಕಿತ್ತರೆ ಸಾಕು. ಕೆಳಗೆ ಬರೆದಿರುವುದು ವಾರ ಮೀರಿದ ಪ್ರವಾಸಕ್ಕೆ. ತಿಂಗಳು ದಾಟುವುದಾದರೆ ಒಂದನ್ನೂ ಬಿಡಬೇಡಿ.

ಕಾಲವೂ ಮುಖ್ಯ. ಬೇಸಿಗೆಯಲ್ಲಿ ಮುಚ್ಚಿದ ಮನೆ ಒಲೆಯಂತೆ ಕಾಯುತ್ತದೆ. ಬ್ಯಾಟರಿಗಳಿಗೂ ಫ್ರಿಜ್ಜಿಗೂ ಅದು ಕಷ್ಟದ ಕಾಲ. ಮಳೆಗಾಲದಲ್ಲಿ ಸಿಡಿಲು ಮತ್ತು ಬೂಷ್ಟಿನ ಭಯ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಜಾಗದಲ್ಲಿ ಪೈಪುಗಳ ಚಿಂತೆ.

ಒಂದು ವಾರ ಮುಂಚೆ ಮಾಡುವ ಕೆಲಸ

ಹೊರಡುವ ದಿನಕ್ಕೆ ರಿಪೇರಿ ಇಟ್ಟುಕೊಳ್ಳಬೇಡಿ. ಒಂದು ಕಡೆ ಟಿಕೆಟ್ ಹುಡುಕಾಟ, ಇನ್ನೊಂದು ಕಡೆ ಜಿನುಗುವ ನಲ್ಲಿ. ಎರಡೂ ಒಟ್ಟಿಗೆ ಆಗೋ ಮಾತಲ್ಲ.

ಸಿಂಕ್ ಕೆಳಗೆ, ಗೀಸರ್ ಹತ್ತಿರ, ವಾಷಿಂಗ್ ಮಷಿನ್ ಹಿಂದೆ ಟಾರ್ಚ್ ಹಿಡಿದು ನೋಡಿ. ಪೈಪಿನ ಜಾಯಿಂಟ್‌ಗೆ ಒಣಗಿದ ಟಿಶ್ಯೂ ಪೇಪರ್ ಸುತ್ತಿ ಐದು ನಿಮಿಷ ಬಿಡಿ. ಕಣ್ಣಿಗೆ ಕಾಣದ ಜಿನುಗು ಪೇಪರ್ ಮೇಲೆ ಕಲೆಯಾಗಿ ಕಾಣುತ್ತದೆ. ಹನಿ ಹನಿಯಾಗಿ ಜಿನುಗುವ ಜಾಯಿಂಟ್ ನೀವು ಮನೆಯಲ್ಲಿದ್ದಾಗ ದೊಡ್ಡ ವಿಷಯವೇ ಅಲ್ಲ. ನೀವಿಲ್ಲದ ಮೂರು ವಾರದಲ್ಲಿ ಅದು ಮರದ ಕಪಾಟಿನ ತಳವನ್ನೇ ಉಬ್ಬಿಸಿಬಿಡುತ್ತದೆ.

ಮೇನ್ ಬೋರ್ಡಿನಲ್ಲಿ ಟಿ ಅಥವಾ ಟೆಸ್ಟ್ ಅಂತ ಬರೆದ ಒಂದು ಚಿಕ್ಕ ಗುಂಡಿ ಇರುವ ಸ್ವಿಚ್ ಇದೆಯಾ ನೋಡಿ. ಅದು ಆರ್‌ಸಿಸಿಬಿ. ಕರೆಂಟು ನೆಲಕ್ಕೆ ಸೋರಿದರೆ ಲೈನ್ ಕತ್ತರಿಸುವುದು ಅದರ ಕೆಲಸ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು ಇರುತ್ತದೆ. ಆ ಗುಂಡಿ ಒತ್ತಿದರೆ ಟಪ್ ಅಂತ ಕೆಳಗೆ ಬೀಳಬೇಕು. ಬೀಳಲಿಲ್ಲ ಅಂದರೆ ಅದು ಸುಮ್ನೆ ಗೋಡೆಗೆ ಅಂಟಿಕೊಂಡಿದೆ ಅಷ್ಟೆ, ಎಲೆಕ್ಟ್ರಿಷಿಯನ್ ಕರೆಸಿ. ಗುಂಡಿ ಒತ್ತುವ ಮುನ್ನ ಕಂಪ್ಯೂಟರ್ ಆಫ್ ಮಾಡಿರಿ. ನಾನು ಮರೆತು ಒತ್ತಿ, ಎರಡು ಗಂಟೆ ಟೈಪ್ ಮಾಡಿದ್ದನ್ನು ಕಳೆದುಕೊಂಡಿದ್ದೇನೆ.

ಫ್ರಿಜ್: ಓಡಿಸೋದಾ, ನಿಲ್ಲಿಸೋದಾ?

ಅತಿ ಹೆಚ್ಚು ತಲೆನೋವು ಕೊಡುವುದು ಇದೇ. ಅರ್ಧಂಬರ್ಧ ಮಾಡಬೇಡಿ. ಓಡಿಸುವುದಾದರೆ ಸರಿಯಾಗಿ ಓಡಲಿ, ನಿಲ್ಲಿಸುವುದಾದರೆ ಪೂರ್ತಿ ಒಣಗಲಿ. ಎರಡು ವಾರದೊಳಗೆ ಬರುವುದಿದ್ದರೆ, ಫ್ರೀಜರ್‌ನಲ್ಲಿ ಬೇಕಾದ್ದು ಇದ್ದರೆ, ಓಡಲು ಬಿಡಿ. ತಿಂಗಳಾಗುವುದಾದರೆ ನಿಲ್ಲಿಸಿಬಿಡಿ.

ಓಡಿಸುವವರಿಗೆ: ಕೆಳಗಿನ ಭಾಗದಿಂದ ಹಾಲು, ಅಡುಗೆ ಮಾಡಿದ್ದು, ಹೆಚ್ಚಿದ ತರಕಾರಿ, ಸೊಪ್ಪು ಎಲ್ಲಾ ತೆಗೆಯಿರಿ. ಖಾಲಿ ಅಂತ ತಂಪನ್ನು ತೀರಾ ಕಡಿಮೆಗೆ ಇಳಿಸಬೇಡಿ, ಜಾಸ್ತಿಗೂ ಇಡಬೇಡಿ. ಕೆಳಗೆ 4 ಡಿಗ್ರಿ ಸೆಲ್ಸಿಯಸ್, ಫ್ರೀಜರ್‌ನಲ್ಲಿ ಮೈನಸ್ 18 ಇದ್ದರೆ ಸರಿ. ಕರೆಂಟು ಹೋದಾಗ ಬಾಗಿಲು ತೆಗೆಯದಿದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಹಾಗಾಗಿ ಫ್ರೀಜರ್‌ನಲ್ಲಿ ಖಾಲಿ ಜಾಗ ಇದ್ದರೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿಸಿ ಇಡಿ. ಮಂಜುಗಡ್ಡೆ ಎಷ್ಟಿದ್ದರೆ ಅಷ್ಟು ಹೊತ್ತು ತಂಪು. ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ. ನೀರು ಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ.

ಇಲ್ಲಿ ನಾಣ್ಯದ ಉಪಾಯ ಒಂದಿದೆ, ಹಳೆಯದು, ಆದರೆ ಕೆಲಸಕ್ಕೆ ಬರುತ್ತದೆ. ಒಂದು ಲೋಟದಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿ ಗಟ್ಟಿಯಾಗಲು ಬಿಡಿ. ಪೂರ್ತಿ ಗಡ್ಡೆಯಾದ ಮೇಲೆ ಅದರ ಮೇಲೆ ಒಂದು ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಫ್ರೀಜರ್ ಕರಗಿಲ್ಲ. ತಳದಲ್ಲಿ ಗಡ್ಡೆಯೊಳಗೆ ಹೂತುಹೋಗಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ನೋಡಲು ಎಲ್ಲವೂ ಹೆಪ್ಪುಗಟ್ಟಿ ಚೆನ್ನಾಗೇ ಕಾಣುತ್ತದೆ, ಅದೇ ಮೋಸ. ಎಲ್ಲವನ್ನೂ ಎಸೆಯಿರಿ. ನಾಣ್ಯ ನಡುವೆ ನಿಂತಿದ್ದರೂ ನಾನು ಎಸೆದೇಬಿಡುತ್ತೇನೆ. ಒಂದು ಮಾತು: ನಾಣ್ಯ ಹೇಳುವುದು ಫ್ರೀಜರ್ ವಿಷಯ ಮಾತ್ರ. ಹತ್ತು ಗಂಟೆ ಕರೆಂಟು ಹೋಗಿದ್ದರೂ ನಾಣ್ಯ ಅಲ್ಲಾಡಿರಲಿಕ್ಕಿಲ್ಲ, ಆದರೆ ಕೆಳಗಿನ ಭಾಗದಲ್ಲಿದ್ದ ಹಾಲು ಅಷ್ಟರಲ್ಲಿ ಕೆಟ್ಟಿರುತ್ತದೆ.

ನಿಲ್ಲಿಸುವವರಿಗೆ: ಹೊರಡುವ ಹಿಂದಿನ ದಿನವೇ ಆಫ್ ಮಾಡಿ. ಹೊರಡುವ ಬೆಳಗ್ಗೆ ಆಫ್ ಮಾಡಿದರೆ ಫ್ರೀಜರ್ ಗಡ್ಡೆ ಕರಗುವ ಮುಂಚೆ ನೀವು ರೈಲಿನಲ್ಲಿರುತ್ತೀರಿ, ಕರಗಿದ ನೀರು ಅಡುಗೆಮನೆ ನೆಲದಲ್ಲಿರುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಗಡ್ಡೆ ಕೆರೆಯಬೇಡಿ. ಒಳಗಿನ ತೆಳು ಕೊಳವೆಗೆ ತೂತಾದರೆ ಗ್ಯಾಸ್ ಹೋಯಿತು, ಆಮೇಲೆ ಅದು ದೊಡ್ಡ ರಿಪೇರಿ.

ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಕಲಸಿ ಒಳಗೆಲ್ಲಾ ಒರೆಸಿ. ಬಾಗಿಲ ರಬ್ಬರನ್ನು ಬೆರಳಲ್ಲಿ ಸ್ವಲ್ಪ ಎಳೆದು ಮಡಿಕೆಯೊಳಗೂ ಒರೆಸಬೇಕು, ಬೂಷ್ಟು ಶುರುವಾಗೋದೇ ಅಲ್ಲಿ. ಒಳಗೋಡೆಯ ಕೆಳಗೆ, ಹಿಂಬದಿಯಲ್ಲಿ ಒಂದು ಚಿಕ್ಕ ತೂತು ಇರುತ್ತದೆ, ನೀರು ಹರಿದುಹೋಗುವ ದಾರಿ. ಅದರಲ್ಲಿ ಕೊತ್ತಂಬರಿ ಕಡ್ಡಿಯೋ ಪೇಪರ್ ಚೂರೋ ಸಿಕ್ಕಿಕೊಂಡಿರುತ್ತದೆ. ಇಯರ್ ಬಡ್ಸ್ ಹಾಕಿ ನಿಧಾನಕ್ಕೆ ತೆಗೆಯಿರಿ. ಹಲವು ಫ್ರಿಜ್‌ಗಳಲ್ಲಿ ಹಿಂದೆ ಕಂಪ್ರೆಸರ್ ಮೇಲೆ ಒಂದು ನೀರಿನ ತಟ್ಟೆ ಇರುತ್ತದೆ. ಫ್ರಿಜ್ ಓಡುವಾಗ ಆ ಬಿಸಿಗೆ ನೀರು ಆವಿಯಾಗುತ್ತದೆ. ನಿಂತಾಗ ಅಲ್ಲೇ ಉಳಿಯುತ್ತದೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಕಾಲದಲ್ಲಿ ಸುಮಾರು 8ರಿಂದ 10 ದಿನ ಸಾಕು. ಪ್ಲಗ್ ಕಿತ್ತ ಮೇಲೆ ಆ ತಟ್ಟೆಯನ್ನೂ ಒಣಗಿಸಿ.

ಕೊನೆಗೆ ಬಾಗಿಲು ಮುಚ್ಚಬೇಡಿ. ದಪ್ಪ ಟವೆಲ್ ಸುತ್ತಿ ಬಾಗಿಲ ಸಂದಿಗೆ ಸಿಕ್ಕಿಸಿ, ತಾನಾಗಿ ಮುಚ್ಚಿಕೊಳ್ಳದ ಹಾಗೆ. ಫ್ರೀಜರ್ ಬಾಗಿಲಿಗೂ ಒಂದು.

ನೀರು ನಿಲ್ಲುವ ಯಂತ್ರಗಳು

ವಾಷಿಂಗ್ ಮಷಿನ್‌ನ ನಲ್ಲಿ ಸಾಮಾನ್ಯವಾಗಿ ವರ್ಷವಿಡೀ ತೆರೆದೇ ಇರುತ್ತದೆ. ನೀರನ್ನು ತಡೆಯುವುದು ಮಷಿನ್ ಒಳಗಿನ ವಾಲ್ವ್. ಅಂದರೆ ಗೋಡೆಯಿಂದ ಮಷಿನ್‌ವರೆಗಿನ ರಬ್ಬರ್ ಪೈಪು ಹಗಲು ರಾತ್ರಿ ನೀರಿನ ಒತ್ತಡ ತಡೆದುಕೊಂಡು ನಿಂತಿರುತ್ತದೆ. ಅದು ಒಡೆದರೆ ಟ್ಯಾಂಕ್ ಖಾಲಿಯಾಗುವವರೆಗೆ ನೀರು ಹರಿಯುತ್ತದೆ. ನಲ್ಲಿ ತಿರುಗಿಸಲು ಐದು ಸೆಕೆಂಡು. ಈ ಇಡೀ ಬರಹದಲ್ಲಿ ಒಂದೇ ಕೆಲಸ ಮಾಡ್ತೀನಿ ಅನ್ನುವವರು ಇದನ್ನೇ ಮಾಡಿ.

ನಂತರ ಫಿಲ್ಟರ್. ಮುಂದೆ ಬಾಗಿಲಿರುವ ಮಷಿನ್‌ಗಳಲ್ಲಿ ಕೆಳಮೂಲೆಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಪ್ಲಗ್ ಕಿತ್ತು, ಕೆಳಗೆ ಅಗಲವಾದ ತಟ್ಟೆ, ಸುತ್ತ ಹಳೆ ಬಟ್ಟೆ ಇಟ್ಟು ಗುಂಡನೆಯ ತಿರುಗಣೆಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ. ನೀರು ಬರಲು ಶುರುವಾದರೆ ನಿಲ್ಲಿಸಿ, ತಟ್ಟೆ ತುಂಬಿದರೆ ಬಿಗಿ ಮಾಡಿ, ಚೆಲ್ಲಿ, ಮತ್ತೆ ತಿರುಗಿಸಿ. ಒಮ್ಮೆಲೇ ಬಿಚ್ಚಿದರೆ ನೆಲವೆಲ್ಲಾ ಕೆರೆ. ನನಗೆ ಮೊದಲ ಸಲ ಸಿಕ್ಕಿದ್ದು ಎರಡು ನಾಣ್ಯ, ಒಂದು ಹೇರ್‌ಪಿನ್, ಬೂದು ಬಣ್ಣದ ನಾರಿನ ಉಂಡೆ. ಫಿಲ್ಟರ್ ತೊಳೆದು ಹಾಕಿ, ಬಾಗಿಲ ರಬ್ಬರಿನ ಕೆಳ ಮಡಿಕೆಯಲ್ಲಿ ನಿಂತ ನೀರನ್ನು ಒರೆಸಿ, ಪೌಡರ್ ಡಬ್ಬಿಯನ್ನು ಹೊರಗೆಳೆದು ಒಣಗಿಸಿ. ಬಾಗಿಲು ಸ್ವಲ್ಪ ತೆರೆದಿರಲಿ. ಮೇಲೆ ಮುಚ್ಚಳವಿರುವ ಮಷಿನ್ ಆದರೆ ಮುಚ್ಚಳ ಎತ್ತಿಡಿ, ನಾರಿನ ಜಾಲರಿ ತೊಳೆಯಿರಿ.

ಗೀಸರ್‌ನ ಸ್ವಿಚ್ ಆಫ್ ಮಾಡಿದರೆ ಕೆಲವು ವಾರಕ್ಕೆ ಸಾಕು. ಖಾಲಿ ಮಾಡಬೇಕಾಗುವುದು ನೀರು ಹೆಪ್ಪುಗಟ್ಟುವ ಚಳಿಯ ಜಾಗಗಳಲ್ಲಿ, ಅಥವಾ ತಿಂಗಳುಗಟ್ಟಲೆ ಮನೆ ಮುಚ್ಚುವಾಗ. ಖಾಲಿ ಮಾಡಿದರೆ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ: 'ಟ್ಯಾಂಕ್ ಖಾಲಿ, ಮೊದಲು ನೀರು ತುಂಬಿಸು.' ನೀರಿಲ್ಲದ ಗೀಸರ್ ಚಾಲೂ ಮಾಡಿದರೆ ನೀರು ಕಾಯಿಸುವ ಎಲಿಮೆಂಟ್ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು, ನೀರು ಒಂದೇ ಸಮ ಬರುವವರೆಗೆ ಸ್ವಿಚ್ ಮುಟ್ಟಬಾರದು.

ಆರ್‌ಓ ನೀರಿನ ಫಿಲ್ಟರ್‌ಗೆ ಬರುವ ನಲ್ಲಿ ಬಂದ್ ಮಾಡಿ, ಒಳಗಿನ ಟ್ಯಾಂಕ್ ಖಾಲಿ ಮಾಡಿ, ಪ್ಲಗ್ ಕಿತ್ತಿಡಿ. ಒಳಗಿನ ಮೆಂಬ್ರೇನ್ (ನೀರು ಸೋಸುವ ತೆಳು ಪೊರೆ) ಒಣಗಬಾರದು, ಅದನ್ನು ಹೊರತೆಗೆಯುವ ಸಾಹಸ ಬೇಡ.

ಸಿಂಕು ಮತ್ತು ಬಚ್ಚಲ ತೂತಿನ ಕೆಳಗೆ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಇಲ್ಲಿ ನಿಂತ ನೀರು ಒಳ್ಳೆಯದು, ಚರಂಡಿ ವಾಸನೆಯೂ ಜಿರಲೆಯೂ ಮೇಲೆ ಬರದಂತೆ ತಡೆಯುವುದು ಅದೇ. ಬೇಸಿಗೆಯಲ್ಲಿ ಅದು ಒಣಗಿಹೋಗುತ್ತದೆ. ಹೊರಡುವಾಗ ಒಂದೊಂದಕ್ಕೂ ಎರಡು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ತೇಲುತ್ತದೆ, ನೀರು ಬೇಗ ಆರುವುದಿಲ್ಲ.

ಕರೆಂಟಿನ ಕಡೆ

'ಸ್ವಿಚ್ ಆಫ್ ಮಾಡಿದೀನಲ್ಲ' ಅನ್ನುವವರೇ ಜಾಸ್ತಿ. ಸ್ವಿಚ್ ಒಳಗಿನ ಅಂತರ ಕೆಲವೇ ಮಿಲಿಮೀಟರ್. ಹತ್ತಿರದಲ್ಲಿ ಸಿಡಿಲು ಹೊಡೆದಾಗ ಲೈನಿನಲ್ಲಿ ನುಗ್ಗುವ ವೋಲ್ಟೇಜ್‌ಗೆ ಅದು ದೊಡ್ಡ ಹಳ್ಳವೇನಲ್ಲ, ಹಾರಿಬಿಡುತ್ತದೆ. ಪ್ಲಗ್ ಕಿತ್ತು, ಸಾಕೆಟ್‌ನಿಂದ ದೂರ ಇಡಿ. ಟಿವಿಗೆ ಬರುವ ಡಿಶ್ ಅಥವಾ ಕೇಬಲ್ ವೈರನ್ನೂ, ರೂಟರ್‌ಗೆ ಬರುವ ತಾಮ್ರದ ವೈರನ್ನೂ ಬಿಚ್ಚಿ. ಎಷ್ಟೋ ಟಿವಿಗಳು ಸುಟ್ಟಿರುವುದು ಕರೆಂಟ್ ವೈರಿನಿಂದಲ್ಲ, ಛಾವಣಿಯಿಂದ ಇಳಿದ ಡಿಶ್ ವೈರಿನಿಂದ.

ಸಿಡಿಲಿಲ್ಲದೆಯೂ ವೋಲ್ಟೇಜ್ ಏರಬಹುದು. ಮೂರು ಫೇಸ್ ಇರುವ ಕಡೆ ನ್ಯೂಟ್ರಲ್ ವೈರ್ (ಕರೆಂಟು ವಾಪಸ್ ಹೋಗುವ ತಂತಿ) ಕಡಿದುಹೋದರೆ, 230 ವೋಲ್ಟ್ ಬರಬೇಕಾದ ಮನೆಗೆ ಸುಮಾರು 400ರವರೆಗೂ ಏರಬಹುದು. ಮಳೆಗಾಳಿಗೆ ಕೊಂಬೆ ಬಿದ್ದು ಹೀಗಾಗುವುದುಂಟು. ಆಗ ಪ್ಲಗ್ಗಿನಲ್ಲಿದ್ದ ಚಾರ್ಜರ್‌ಗಳೆಲ್ಲ ಸಾಲಾಗಿ ಸಾಯುತ್ತವೆ.

ಹಾಗಾದರೆ ಮೇನ್ ಸ್ವಿಚ್ಚೇ ಆಫ್ ಮಾಡಬಹುದಲ್ವಾ? ಫ್ರಿಜ್, ಕ್ಯಾಮೆರಾ ಯಾವುದೂ ಓಡಬೇಕಿಲ್ಲ ಅಂದರೆ ಖಂಡಿತ ಮಾಡಿ. ಓಡಬೇಕಾದ್ದು ಇದ್ದರೆ ಅದರ ಎಂಸಿಬಿ (ಮೇನ್ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಚಿಕ್ಕ ಸ್ವಿಚ್) ಮಾತ್ರ ಬಿಟ್ಟು ಉಳಿದವನ್ನು ಇಳಿಸಿ. ಯಾವುದು ಯಾವ ಕೋಣೆಗೆ ಅಂತ ಗೊತ್ತಿಲ್ಲದಿದ್ದರೆ ಒಂದು ಸಂಜೆ ಕೂತು ಒಂದೊಂದೇ ಇಳಿಸಿ ನೋಡಿ, ಪಕ್ಕದಲ್ಲಿ ಬರೆದಿಡಿ.

ಇನ್ವರ್ಟರ್ ಇರುವ ಮನೆಯವರು ಇಲ್ಲಿ ಎಡವುತ್ತಾರೆ. ಮೇನ್ ಆಫ್ ಮಾಡಿ ಇನ್ವರ್ಟರನ್ನು ಹಾಗೇ ಬಿಟ್ಟರೆ, ಅದು ಕರೆಂಟು ಹೋಗಿದೆ ಅಂದುಕೊಂಡು ಬ್ಯಾಟರಿಯಿಂದ ಓಡಲು ಶುರುಮಾಡುತ್ತದೆ. ಬ್ಯಾಟರಿ ಬರಿದಾಗುತ್ತದೆ. ಬರಿದಾದ ಸೀಸದ ಬ್ಯಾಟರಿ ವಾರಗಟ್ಟಲೆ ಹಾಗೇ ಕೂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಮತ್ತೆ ಮೊದಲಿನಷ್ಟು ಚಾರ್ಜ್ ಹಿಡಿಯುವುದಿಲ್ಲ. ಚಿಕ್ಕ ಪ್ರವಾಸಕ್ಕೆ ಇನ್ವರ್ಟರ್‌ಗೆ ಮೇನ್ ಕರೆಂಟು ಬರುತ್ತಲೇ ಇರಲಿ. ಉದ್ದನೆಯದಕ್ಕೆ ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಇನ್ವರ್ಟರ್ ಆಫ್ ಮಾಡಿ. ನೀರು ಹಾಕುವುದು ಚಾರ್ಜ್ ಆದ ಮೇಲೆ. ಮುಂಚೆ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಚೆಲ್ಲುತ್ತದೆ. ಪ್ಲೇಟು ಕಾಣುವಷ್ಟು ಇಳಿದಿದ್ದರೆ ಮಾತ್ರ ಮೊದಲು ಪ್ಲೇಟು ಮುಳುಗುವಷ್ಟು ಹಾಕಿ. ನಲ್ಲಿ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ವೋಲ್ಟ್ ಅಳೆಯುವ ಮೀಟರ್ ಇದ್ದರೆ ನೋಡಿ: 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ನೆ ಕೂತಾಗ 12.6ರ ಮೇಲಿರುತ್ತದೆ. 12ರ ಕೆಳಗೆ ಹೋದರೆ ಬಹುಪಾಲು ಬರಿದಾಗಿದೆ ಅಂತ ಅರ್ಥ.

ರಿಮೋಟು, ಟಾರ್ಚು, ಗೋಡೆ ಗಡಿಯಾರದ ಸೆಲ್‌ಗಳನ್ನು ಉದ್ದನೆಯ ಪ್ರವಾಸಕ್ಕೆ ತೆಗೆದಿಡಿ. ಸೋರಿದ ಆಲ್ಕಲೈನ್ ಸೆಲ್‌ನ ಬಿಳಿ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ವಿನೆಗರ್ ಅಥವಾ ನಿಂಬೆರಸ ಅದ್ದಿದ ಇಯರ್ ಬಡ್ಸ್‌ನಿಂದ ಒರೆಸಿ, ಒಣಗಿಸಿದರೆ ಎಷ್ಟೋ ರಿಮೋಟುಗಳು ಮತ್ತೆ ಬದುಕುತ್ತವೆ. ಮನೆಯಲ್ಲೇ ಬಿಟ್ಟುಹೋಗುವ ಲ್ಯಾಪ್‌ಟಾಪ್, ಹಳೆ ಫೋನು ಅರ್ಧ ಚಾರ್ಜ್‌ನಲ್ಲಿರಲಿ. ನೂರಕ್ಕೆ ನೂರು ತುಂಬಿಸಿ ಬಿಸಿ ಕೋಣೆಯಲ್ಲಿ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಕಾಲಕ್ಕೆ ತಕ್ಕ ಒಂದೆರಡು ಮಾತು

ಮಳೆಗಾಲದಲ್ಲಿ ಕಿಟಕಿ ಎಲ್ಲಾ ಬಿಗಿಯಾಗಿ ಮುಚ್ಚಿ ಹೋದರೆ ಒಳಗಿನ ತೇವ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮಳೆ ಹೊಡೆಯದ ಕಡೆ ಜಾಲರಿ ಇರುವ ವೆಂಟಿಲೇಟರ್ ತೆರೆದಿರಲಿ, ಕೋಣೆಗಳ ಬಾಗಿಲು ತೆರೆದಿರಲಿ. ಹೊರಡುವ ದಿನ ಬಟ್ಟೆ ಒಗೆದು ಮನೆಯೊಳಗೆ ಹರವಿ ಹೋಗಬೇಡಿ, ಆ ನೀರೆಲ್ಲಾ ಮನೆ ಗಾಳಿಗೇ ಸೇರುತ್ತದೆ. ಮಿಕ್ಸಿ, ಓವನ್, ಟೋಸ್ಟರ್ ಒಳಗೆ ಆಹಾರದ ಚೂರು ಉಳಿಯದಂತೆ ನೋಡಿ. ಜಿರಲೆ, ಇರುವೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಸರ್ಕ್ಯೂಟ್ ಬೋರ್ಡಿನ ಮೇಲೇ ಸಂಸಾರ ಹೂಡುತ್ತವೆ.

ಬೇಸಿಗೆಯಲ್ಲಿ ಓಡುತ್ತಿರುವ ಫ್ರಿಜ್‌ನ ಹಿಂದೆ ಗಾಳಿ ಆಡಬೇಕು. ಹಿಂಬದಿಯ ಕಾಯಿಲ್ ಮೇಲಿನ ದೂಳು ಹೊಡೆಯಿರಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ.

ಚಳಿ ದೇಶಗಳಲ್ಲಿ ಮನೆ ಬಿಟ್ಟುಹೋಗುವವರಿಗೆ ವಿಚಿತ್ರ ಅನ್ನಿಸುವ ಒಂದು ವಿಷಯ: ಕೋಣೆ ತುಂಬ ತಣ್ಣಗಾದರೆ ಕೆಲವು ಫ್ರಿಜ್‌ಗಳ ಫ್ರೀಜರ್ ಕರಗುತ್ತದೆ! ಒಂದೇ ಥರ್ಮೋಸ್ಟಾಟ್ ಇರುವ ಮಾದರಿಗಳಲ್ಲಿ ಅದು ಅಳೆಯುವುದು ಕೆಳಗಿನ ಭಾಗವನ್ನು. ಕೋಣೆಯೇ 5 ಡಿಗ್ರಿ ಇದ್ದರೆ 'ತಂಪಾಗಿದೆ' ಅಂದುಕೊಂಡು ಕಂಪ್ರೆಸರ್ ಓಡುವುದೇ ಇಲ್ಲ, ಮೇಲಿನ ಫ್ರೀಜರ್ ಬೆಚ್ಚಗಾಗುತ್ತದೆ.

ವಾಪಸ್ ಬಂದ ಮೇಲೆ: ಮೊದಲು ಮೂಗು, ಆಮೇಲೆ ಕೈ

ದಣಿದು ಬಂದಿರುತ್ತೀರಿ, ಕೈ ನೇರ ಸ್ವಿಚ್ಚಿಗೆ ಹೋಗುತ್ತದೆ. ತಡೆಯಿರಿ. ಬಾಗಿಲು ತೆರೆದು ಒಮ್ಮೆ ಉಸಿರೆಳೆದು ನೋಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚೂ ಹಾಕಬೇಡಿ, ಆಫ್ ಕೂಡ ಮಾಡಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಅಡುಗೆ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿರುತ್ತದೆ. ಬಾಗಿಲು ಕಿಟಕಿ ತೆರೆದು, ಕೈಗೆಟುಕಿದರೆ ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು ಅಲ್ಲಿಂದ ಫೋನ್ ಮಾಡಿ.

ವಾಸನೆ ಏನೂ ಇಲ್ಲವಾ? ಟಾರ್ಚ್ ಹಿಡಿದು ನೆಲ ನೋಡಿ. ನೀರು ನಿಂತಿದ್ದರೆ ಒದ್ದೆ ಕಾಲಲ್ಲಿ ಬೋರ್ಡ್ ಮುಟ್ಟಬೇಡಿ. ಎಲ್ಲ ಒಣಗಿದ್ದರೆ ಮೇನ್ ಹಾಕಿ, ಆಮೇಲೆ ಒಂದೊಂದೇ ಎಂಸಿಬಿ, ನಡುವೆ ಒಂದೆರಡು ನಿಮಿಷ ಬಿಟ್ಟು.

ಮಳೆಗಾಲದ ನಂತರ ಪದೇ ಪದೇ ಆಗುವ ತಕರಾರು: ಆರ್‌ಸಿಸಿಬಿ ನಿಲ್ಲುವುದೇ ಇಲ್ಲ, ಎತ್ತಿದ ತಕ್ಷಣ ಬೀಳುತ್ತದೆ. ಎಲ್ಲೋ ತೇವ ಹೊಕ್ಕು ಕರೆಂಟು ಸೋರುತ್ತಿದೆ. ಹುಡುಕುವುದು ಹೀಗೆ:

1. ಮನೆಯ ಎಲ್ಲ ಪ್ಲಗ್ ಕೀಳಿ. ಸ್ವಿಚ್ ಆಫ್ ಸಾಲದು, ಪ್ಲಗ್ಗೇ ಹೊರಗೆ ಬರಬೇಕು.
2. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ. ಈಗಲೂ ಬಿದ್ದರೆ ತೊಂದರೆ ಬೋರ್ಡಿನಲ್ಲೇ ಇದೆ ಅಥವಾ ವೈರಿಂಗ್‌ನಲ್ಲಿದೆ, ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.
3. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಹೋಗಿ. ಯಾವುದು ಎತ್ತಿದಾಗ ಬೀಳುತ್ತದೋ ಆ ಲೈನಿನ ವೈರಿಂಗ್ ಅಥವಾ ಗೋಡೆಗೇ ಜೋಡಿಸಿದ ಲೈಟು, ಫ್ಯಾನು, ಗೀಸರ್ ಕಡೆ ಕಣ್ಣಿಡಿ. ಹೊರಗೋಡೆಯ ಲೈಟಿನೊಳಗೆ ನೀರು ಹೋಗಿರುವುದು ತುಂಬ ಸಾಮಾನ್ಯ.
4. ಎಲ್ಲವೂ ನಿಂತರೆ ಈಗ ಯಂತ್ರಗಳ ಸರದಿ. ಒಂದೊಂದೇ ಪ್ಲಗ್ ಹಾಕಿ ಚಾಲೂ ಮಾಡಿ. ಬೀಳಿಸಿದ್ದೇ ಕಳ್ಳ. ಅದನ್ನು ಪಕ್ಕಕ್ಕಿಟ್ಟರೆ ಉಳಿದ ಮನೆ ನಡೆಯುತ್ತದೆ.

ನನ್ನ ಅನುಭವದಲ್ಲಿ ಕಳ್ಳ ಎರಡು ಸಲ ಗೀಸರ್, ಒಂದು ಸಲ ಬಾಲ್ಕನಿಯ ಸಾಕೆಟ್. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಕೊಡ್ತೀನಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಬೀಳುತ್ತಿರುವುದು ನಿಮ್ಮ ಪ್ರಾಣ ಕಾಯಲಿಕ್ಕೇ.

ಫ್ರಿಜ್ ಚಾಲೂ ಮಾಡಿದ ಕೂಡಲೇ ತುಂಬಬೇಡಿ. ಒಳಗೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು 5 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಕಾಯಿರಿ, ಕೆಲವು ಗಂಟೆ ಬೇಕು. ಆಫ್ ಮಾಡಿ ತಕ್ಷಣ ಆನ್ ಮಾಡುವ ಅಭ್ಯಾಸ ಇದ್ದರೆ ಬಿಡಿ, ಕಂಪ್ರೆಸರ್‌ಗೆ ಐದು ನಿಮಿಷ ಬಿಡುವು ಕೊಡಬೇಕು. ಬಾಗಿಲ ರಬ್ಬರ್ ಹಿಡಿಯುತ್ತಿದೆಯಾ ಅಂತ ನೋಡಲು ಒಂದು ಪೇಪರ್ ತುಂಡು ಸಿಕ್ಕಿಸಿ ಬಾಗಿಲು ಮುಚ್ಚಿ, ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ತಂಪು ಸೋರುತ್ತಿದೆ. ಬಿಸಿನೀರಿನ ಬಟ್ಟೆ ಒತ್ತಿ ರಬ್ಬರನ್ನು ಮೆತ್ತಗೆ ಮಾಡಿ ನೋಡಿ, ಎಷ್ಟೋ ಸಲ ಮತ್ತೆ ಕೂರುತ್ತದೆ.

ಗೀಸರ್‌ನಲ್ಲಿ ವಾರಗಟ್ಟಲೆ ನಿಂತ ನೀರಲ್ಲಿ ಸ್ನಾನಕ್ಕೆ ಅವಸರ ಬೇಡ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಶವರ್‌ನ ಸಣ್ಣ ಹನಿಗಳ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ತರುತ್ತದೆ. 60 ಡಿಗ್ರಿವರೆಗೆ ಕಾಯಿಸಿ, ಕಿಟಕಿ ತೆರೆದು, ಶವರ್ ತಲೆಯನ್ನು ಬಕೆಟ್‌ನೊಳಗೆ ಇಳಿಬಿಟ್ಟು ಕೆಲವು ನಿಮಿಷ ಬಿಸಿನೀರು ಹರಿಸಿ. ನೀವು ಹೊರಗೆ ನಿಲ್ಲಿ. ಮುಟ್ಟಬೇಡಿ, ಚರ್ಮ ಸುಡುತ್ತದೆ. ಆರ್‌ಓದಲ್ಲಿ ಮೊದಲು ತುಂಬಿದ ಒಂದೆರಡು ಟ್ಯಾಂಕ್ ನೀರು ಕುಡಿಯದೆ ನೆಲ ಒರೆಸಲು ಬಳಸಿ.

ನೀರಿನ ಪಂಪು ಹಾಕಿದರೆ ಬರೀ 'ಗುಂಯ್' ಅನ್ನುತ್ತಾ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಿ. ಹಾಗೇ ಬಿಟ್ಟರೆ ಮೋಟರಿನೊಳಗೆ ಸುತ್ತಿದ ತಂತಿ (ವೈಂಡಿಂಗ್) ಸುಡುತ್ತದೆ. ಒಳಗಿನ ಚಕ್ರ ತುಕ್ಕಿಗೆ ಹಿಡಿದುಕೊಂಡಿರಬಹುದು. ಮೇನ್ ಆಫ್ ಮಾಡಿ, ಪಂಪಿನ ಹಿಂದಿನ ಫ್ಯಾನನ್ನು ಕಡ್ಡಿಯಿಂದ ನಿಧಾನ ತಿರುಗಿಸಿ ನೋಡಿ. ಸಡಿಲಾದರೆ ಮತ್ತೆ ಹಾಕಿ. ಸಲೀಸಾಗಿ ತಿರುಗಿಯೂ ಗುಂಯ್ ಅಂದರೆ ಮೋಟರ್ ತಿರುಗಲು ಮೊದಲ ತಳ್ಳು ಕೊಡುವ ಕೆಪಾಸಿಟರ್ ಹೋಗಿರುವ ಸಾಧ್ಯತೆ ಹೆಚ್ಚು. ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ ಅಂದರೆ ಪೈಪಿನಲ್ಲಿ ಗಾಳಿ ತುಂಬಿದೆ. ಪಂಪ್ ಆಫ್ ಮಾಡಿ, ಮೇಲಿನ ಬೋಲ್ಟ್ ಬಿಚ್ಚಿ ನೀರು ತುಂಬಿಸಿ ಮುಚ್ಚಿದ ಮೇಲೆ ಹಾಕಿ.

ಎಸಿಯ ಜಾಲರಿ ತೊಳೆದು ಒಣಗಿಸಿ, ಮೊದಲ ಅರ್ಧ ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಕಿಟಕಿ ತೆರೆದು ಓಡಿಸಿ. ಮನೆಯೊಳಗೆ ನೀರು ತೊಟ್ಟಿಕ್ಕಿದರೆ ಹೊರಗಿನ ನೀರಿನ ಪೈಪಿನ ತುದಿ ನೋಡಿ. ಅಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ಹೊಸದೇನಲ್ಲ. ಮಿಕ್ಸಿ ಸದ್ದೇ ಮಾಡದಿದ್ದರೆ ತಲೆಕೆಳಗೆ ಮಾಡಿ, ತಳದ ಕೆಂಪು ಗುಂಡಿ ಒತ್ತಿ.

ಕೈಹಾಕಬಾರದ ಜಾಗಗಳೂ ಇವೆ. ಮೈಕ್ರೋವೇವ್ ಓವನ್‌ನ ಹೊರ ಕವಚ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಮುಟ್ಟಿದರೆ ಜುಮ್ ಅನ್ನುವ ಯಂತ್ರ, ಸುಟ್ಟ ವಾಸನೆ, ಅಥವಾ ಯಾವ ಮೀನೂ ಇಲ್ಲದೆ ಬೋರ್ಡಿನ ಹತ್ತಿರ ಮೀನಿನಂಥ ವಾಸನೆ (ಬಿಸಿಯಾದ ಪ್ಲಾಸ್ಟಿಕ್ ಹಾಗೆ ನಾರುವುದುಂಟು) ಬಂದರೆ ಲೈನ್ ಇಳಿಸಿ ಜನ ಕರೆಸಿ. ಕರೆಸುವ ಮುನ್ನ ಎರಡು ಕೆಲಸ: ಪರದೆಯ ಮೇಲೆ ಬಂದ ಎರರ್ ಅಕ್ಷರದ ಫೋಟೋ, ಮಾದರಿ ಸಂಖ್ಯೆಯ ಸ್ಟಿಕರ್‌ನ ಫೋಟೋ. ಫ್ರಿಜ್‌ನಲ್ಲಿ ಸ್ಟಿಕರ್ ಹೆಚ್ಚಾಗಿ ಒಳಗೋಡೆಯ ಪಕ್ಕ, ಮುಂಬಾಗಿಲ ವಾಷಿಂಗ್ ಮಷಿನ್‌ನಲ್ಲಿ ಬಾಗಿಲ ಅಂಚಿನಲ್ಲಿ. ವಿಚಿತ್ರ ಸದ್ದು ಬರುತ್ತಿದ್ದರೆ ವಿಡಿಯೋ ಮಾಡಿ. ರಿಪೇರಿಯವರು ಬಂದಾಗ ಅದು ಸದ್ದು ಮಾಡುವುದೇ ಇಲ್ಲ, ಅಲ್ವಾ?

ವಾಷಿಂಗ್ ಮಷಿನ್‌ಗೆ ಮೊದಲು ಬಟ್ಟೆ ಹಾಕದೆ 60 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿ. ಹೋದ ಸಲ ನನ್ನದು ಎರಡೇ ನಿಮಿಷಕ್ಕೆ ನೀರು ಬರುತ್ತಿಲ್ಲ ಅಂತ ಬೀಪ್ ಬೀಪ್ ಶುರುಮಾಡಿತು. ಪೈಪಿನ ಜಾಲರಿ ಕಟ್ಟಿಕೊಂಡಿರಬೇಕು ಅಂತ ಬಿಚ್ಚಿ ತೊಳೆದೆ. ಆಗಲೂ ಬೀಪ್. ಫೋನ್ ಮಾಡಿದೆ. ಆ ಕಡೆಯಿಂದ ಅದೇ ಹಳೆಯ ರಿಪೇರಿಯವರು, "ಮೇಡಂ, ಊರಿಗೆ ಹೋಗಿದ್ರಾ?" ಅಂದರು. ಹೌದು ಅಂದೆ. "ನಲ್ಲಿ ತಿರುಗಿಸಿದ್ರಾ?" ಈಗ ನಲ್ಲಿ ಬಂದ್ ಮಾಡಿದ ದಿನವೇ ಮಷಿನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗುತ್ತೇನೆ.